‘ತಪ್ಪಾಂಡಾ’ ಅಂತ ಅಜ್ಜಿ ಕೇಳಿದ್ರು

ಮೊನ್ನೆ ಪಿಎಸ್‌ಸಿ ಕೋಚಿಂಗಿಗೆ ಬರುವ ಒಬ್ಬಳು ಹುಡುಗಿ, ಈಗಷ್ಟೇ ಪ್ಲಸ್ ಟು ಮುಗಿಸಿದವಳು, ಬದಿಯಡ್ಕ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿ ಕೇಳಿದಳು, ಅಕ್ಕಾ ನೀವು ಡಿಗ್ರಿಯಲ್ಲಿ ಎಂತ ತಗೊಂಡದ್ದು ಅಂತ. ಸೋಷಿಯಾಲಜಿ, ಫಿಲಾಸಫಿ ಅಂದೆ. ಹಿಸ್ಟರಿಯೂ ಇತ್ತು, ಅದನ್ನ ನಾನು ಯಾವಾಗ್ಲೂ ಮರೀತೇನೆ. ‘ಎರಡೂ ಒಂದೇ ಅಲ್ವಾ?’ ಅಂದಳು. ನಗು ಬಂತು, ಯಾಕಂದ್ರೆ ನನ್ನ ಅಪ್ಪ ಕೂಡ ಮೂರು ವರ್ಷ ಹಾಗೇ ತಿಳ್ಕೊಂಡಿದ್ರು, ಮನೆಗೆ ಬಂದವರಿಗೆಲ್ಲ ‘ಅವಳದ್ದು ಸಮಾಜದ ವಿಷಯ’ ಅಂತ ಹೇಳಿ ಮಾತು ಅಡಿಕೆ ರೇಟಿಗೆ ತಿರುಗಿಸ್ತಿದ್ರು. ಒಂದೇ ಅಲ್ಲ ಅಂತ ಹೇಳ್ಲಿಕ್ಕೆ ಬಾಯಿ ತೆರೆಯುವಷ್ಟರಲ್ಲಿ ಅವಳ ಬಸ್ಸು ಬಂತು. ಬಂದದ್ದು ಒಳ್ಳೇದೇ ಆಯ್ತು, ಅದಕ್ಕೆ ಉತ್ತರ ಕೊಡ್ಬೇಕಾದ್ರೆ ನಾನು ಅಜ್ಜಿಯ ವಿಷಯ ಹೇಳ್ಬೇಕು, ಅದು ಬಸ್ ಸ್ಟ್ಯಾಂಡಿನಲ್ಲಿ ನಿಂತು ಹೇಳುವಂಥದ್ದಲ್ಲ.

ಮೊದಲು ಸೇರಿದ ಕತೆ. ಮನೆಯಲ್ಲಿ ತುಳು, ಶಾಲೆಯಲ್ಲಿ 10ನೇ ಕ್ಲಾಸ್ ತನಕ ಕನ್ನಡ, ಪೇಟೆಯಲ್ಲಿ ಮಲಯಾಳಂ, ಪ್ಲಸ್ ಟುವಿನಲ್ಲಿ ಇಂಗ್ಲಿಷ್, ಅಂದ್ರೆ ಕಾಸರಗೋಡಿನ ಸಾಮಾನ್ಯ ಮಕ್ಕಳ ಹಾಗೇ. 2013ರಲ್ಲಿ ಮೈಸೂರಿನ ಒಂದು ಕಾಲೇಜಿಗೆ ಬಿ.ಎ.ಗೆ ಹೋದೆ, ಕನ್ನಡದಲ್ಲಿ ಪರೀಕ್ಷೆ ಬರೀಬಹುದು ಅನ್ನುವ ಒಂದೇ ಆಸೆಗೆ. ಆಗ ಅಲ್ಲಿ ಮೂರು ಮೇಜರ್ ಸಬ್ಜೆಕ್ಟ್. ನನಗೆ ಬೇಕಿದ್ದದ್ದು ಸೈಕಾಲಜಿ, ಅದರ ಸೀಟು ತುಂಬಿತ್ತು. ಕೌಂಟರಿನಲ್ಲಿ ಕೂತವರು ತಲೆ ಎತ್ತದೆ ‘ಫಿಲಾಸಫಿ ಖಾಲಿ ಇದೆ, ಹಾಕ್ಲಾ?’ ಅಂತ ಕೇಳಿದ್ರು. ಬಸ್ಸಲ್ಲಿ ಸೀಟು ಖಾಲಿ ಉಂಟು ಅಂದ ಹಾಗೆ. ಹಿಂದೆ ಕ್ಯೂ ಇತ್ತು, ಪಕ್ಕದಲ್ಲಿ ಅಪ್ಪ ಬ್ಯಾಗ್ ಹಿಡ್ಕೊಂಡು ನಿಂತಿದ್ರು, ಹಾಕಿ ಅಂದೆ.

ಸೋಷಿಯಾಲಜಿಗೆ ಎಪ್ಪತ್ತು ಚಿಲ್ಲರೆ ಜನ, ದೊಡ್ಡ ಹಾಲ್, ಹಿಂದಿನ ಬೆಂಚಿನವರಿಗೆ ಪಾಠವೇ ಕೇಳುದಿಲ್ಲ. ಫಿಲಾಸಫಿಗೆ ಒಂಬತ್ತು ಜನ, ಲೈಬ್ರರಿ ಪಕ್ಕದ ಸಣ್ಣ ರೂಮು. 10ರಿಂದ 11 ಇದು, 11ರಿಂದ 12 ಅದು. ನಡುವೆ ಒಂದು ಉದ್ದದ ಜಗಲಿ, ಆ ಜಗಲಿ ದಾಟುವಾಗ ತಲೆಯನ್ನ ತಿರುಗಿಸಿ ಇಟ್ಕೊಳ್ಬೇಕಿತ್ತು. ಸೋಷಿಯಾಲಜಿ ಮೇಡಂ ಮೊದಲ ವಾರವೇ ‘ನಿಮ್ಮ ಮನೆಯಲ್ಲಿ ಕೊನೆಗೆ ಊಟಕ್ಕೆ ಕೂರೋದು ಯಾರು?’ ಅಂತ ಕೇಳಿದ್ರು, ಎಪ್ಪತ್ತರಲ್ಲಿ ಅರುವತ್ತು ಕೈ ‘ಅಮ್ಮ’ ಅಂದವು, ಅದರ ನಂತರ ಮನೆ ಅನ್ನುವ ಮನೆ ಮೊದಲಿನ ಹಾಗೆ ಕಾಣ್ಲಿಲ್ಲ. ಯಾವ ಮಾತು ಬಂದ್ರೂ ಅವರ ಪ್ರಶ್ನೆ ಒಂದೇ, ಇದನ್ನ ಯಾರು ಹೇಳ್ತಿದ್ದಾರೆ, ಎಲ್ಲಿ ನಿಂತು ಹೇಳ್ತಿದ್ದಾರೆ, ಹಾಗೆ ಹೇಳುದರಿಂದ ಯಾರಿಗೆ ಲಾಭ. ಹನ್ನೊಂದು ಗಂಟೆಗೆ ಜಗಲಿ ದಾಟಿ ಫಿಲಾಸಫಿಗೆ ಹೋದ್ರೆ ಸರ್ ಬೋರ್ಡಿನಲ್ಲಿ ಒಂದು ವಾಕ್ಯ ಬರ್ದಿರ್ತಿದ್ರು. ನಾನು ಆಗಷ್ಟೇ ಕಲ್ತು ಬಂದ ಚಟದಲ್ಲಿ ‘ಇದನ್ನ ಹೇಳಿದ್ದು ಯಾರು ಸರ್?’ ಅಂತ ಕೇಳಿದ್ರೆ ಅವರು ನಕ್ಕು, ಹೆಸರು ಆಮೇಲೆ ಹೇಳ್ತೇನೆ, ಮೊದ್ಲು ವಾಕ್ಯ ನಿಲ್ತದಾ ಬೀಳ್ತದಾ ನೋಡಿ ಅಂತಿದ್ರು.

ಅವರ ಕ್ಲಾಸಿನಲ್ಲಿ ನನಗೆ ತುಂಬ ಇಷ್ಟವಾದದ್ದು ನ್ಯಾಯದರ್ಶನ, ಅಂದ್ರೆ ನಮ್ಮ ಹಳೇ ತರ್ಕಶಾಸ್ತ್ರ. ಗುಡ್ಡೆಯಲ್ಲಿ ಹೊಗೆ ಕಾಣ್ತದೆ, ಹಾಗಾಗಿ ಅಲ್ಲಿ ಬೆಂಕಿ ಉಂಟು, ಅಡಿಗೆಮನೆಯಲ್ಲಿ ಇದ್ದ ಹಾಗೆ, ಅಂತ ಐದು ಹೆಜ್ಜೆಯಲ್ಲಿ ಕಟ್ಟುವ ವಾದ. ಉಳಿದವರಿಗೆ ಅದು ಪುಸ್ತಕದ ಉದಾಹರಣೆ. ನನಗೆ ಮಾರ್ಚ್ ತಿಂಗಳಲ್ಲಿ ನಮ್ಮ ಮನೆ ಎದುರಿನ ಮುರಕಲ್ಲಿನ ಗುಡ್ಡೆ, ಯಾರೋ ಒಣಹುಲ್ಲಿಗೆ ಬೆಂಕಿ ಕೊಟ್ಟಿದ್ದಾರೆ ಅಂತ ಅಪ್ಪ ಅಂಗಳದಿಂದಲೇ ಬೊಬ್ಬೆ ಹಾಕುದು. ಇನ್ನೊಂದು ಪೂರ್ವಪಕ್ಷ. ಎದುರಾಳಿಯ ಮಾತನ್ನ ಅವನಿಗಿಂತ ಚೆನ್ನಾಗಿ ನೀನೇ ಮೊದಲು ಹೇಳ್ಬೇಕು, ಆಮೇಲೆ ನಿನ್ನ ಉತ್ತರ. ವಾಟ್ಸಾಪ್ ಗ್ರೂಪಿನಲ್ಲಿ ಇದನ್ನ ಕಡ್ಡಾಯ ಮಾಡಿದ್ರೆ ಅರ್ಧ ಗ್ರೂಪು ಮುಚ್ಚಿ ಹೋಗಬಹುದು.

ಈ ಎರಡು ಸಬ್ಜೆಕ್ಟುಗಳ ಸಂಬಂಧ ನನಗೆ ಅರ್ಥ ಆದದ್ದು ಪಾಲುಪಟ್ಟಿಯ ಭಾಷೆಯಲ್ಲಿ. ಸೋಷಿಯಾಲಜಿ ಫಿಲಾಸಫಿಯ ಮನೆಯಿಂದ ಪಾಲು ತಗೊಂಡು ಹೊರಗೆ ಹೋದ ಮಗು. 1830ರ ದಶಕದಲ್ಲಿ ಆ ಹೆಸರಿಟ್ಟ ಆಗಸ್ಟ್ ಕಾಂಟ್ ತನ್ನನ್ನ ತತ್ತ್ವಜ್ಞಾನಿ ಅಂತಲೇ ತಿಳ್ಕೊಂಡಿದ್ದ. ಮಾರ್ಕ್ಸ್ 1841ರಲ್ಲಿ ಡಾಕ್ಟರೇಟ್ ತಗೊಂಡದ್ದು ಡೆಮಾಕ್ರಿಟಸ್ ಮತ್ತು ಎಪಿಕ್ಯೂರಸ್ ಎಂಬ ಗ್ರೀಕ್ ತತ್ತ್ವಜ್ಞಾನಿಗಳ ಮೇಲೆ. ಸಮಾಜಶಾಸ್ತ್ರಜ್ಞ ಡರ್ಕೈಮ್ 1887ರಲ್ಲಿ ಬೋರ್ಡೋ ಯೂನಿವರ್ಸಿಟಿಗೆ ಹೋಗುವ ಮೊದಲು ಹೈಸ್ಕೂಲಿನಲ್ಲಿ ಫಿಲಾಸಫಿ ಮೇಷ್ಟ್ರು. ಎಲ್ಲರೂ ಅದೇ ಮನೆಯ ಅನ್ನ ಉಂಡವರು. ಹೊರಗೆ ಹೋದ ಮೇಲೆ, ಪಾಲಾದ ಮನೆಗಳಲ್ಲಿ ಆಗುವ ಹಾಗೆ, ಬೇಲಿ ಹಾಕಿದ್ರು: ಏನಿದೆಯೋ ಅದನ್ನ ನಾವು ನೋಡ್ತೇವೆ, ಏನಿರಬೇಕು ಅನ್ನುದು ನಿಮ್ಮ ಜಾಗ. ಆ ಬೇಲಿಯ ಕಂಬ ಇನ್ನೂ ಹಳೇದು. ತತ್ತ್ವಜ್ಞಾನಿ ಡೇವಿಡ್ ಹ್ಯೂಮ್ 1740ರ ಹೊತ್ತಿಗೇ ಹೇಳಿ ಆಗಿತ್ತು, ‘ಹೀಗೆ ಉಂಟು’ ಅನ್ನುವ ವಾಕ್ಯಗಳಿಂದ ‘ಹೀಗೆ ಇರಬೇಕು’ ಅನ್ನುವ ವಾಕ್ಯಕ್ಕೆ ಜನ ಗೊತ್ತಾಗದ ಹಾಗೆ ಹಾರ್ತಾರೆ, ಆ ಹಾರಿಕೆಗೆ ಕಾರಣ ಕೊಡುದಿಲ್ಲ ಅಂತ. ಪರೀಕ್ಷೆಗೆ ಇದನ್ನ ಬಾಯಿಪಾಠ ಮಾಡಿದ್ದೆ. ಹತ್ತು ಮಾರ್ಕಿನ ಪ್ರಶ್ನೆ, ಏಳು ಬಂತು.

ಸೋಷಿಯಾಲಜಿಯಲ್ಲಿ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಅವರ ಪಾಠ ಬಂದಾಗ ಕ್ಲಾಸಿಗೇ ಒಂದು ಹೆಮ್ಮೆ, ಅವರು ಮೈಸೂರಲ್ಲೇ ಹುಟ್ಟಿದವರು, 1916ರಲ್ಲಿ, ಮೈಸೂರು ಯೂನಿವರ್ಸಿಟಿ ಶುರುವಾದದ್ದೂ ಅದೇ ವರ್ಷ. ಕೊಡವರ ಬಗ್ಗೆ ಅವರ ಪುಸ್ತಕ ಬಂದದ್ದು 1952ರಲ್ಲಿ. ಸಂಸ್ಕೃತೀಕರಣ, ಅಂದ್ರೆ ಕೆಳಗಿನ ಜಾತಿಯವರು ಮೇಲಿನ ಜಾತಿಯವರ ಆಚಾರ ಹಿಡಿಯುದು, ಅನ್ನುವ ಮಾತು ಪ್ರಸಿದ್ಧ ಆದದ್ದು ಆ ಕೊಡಗಿನಿಂದ, ನಾನು ಪ್ರತಿ ರಜೆಗೂ ಸಂಪಾಜೆ ಘಾಟಿಯಲ್ಲಿ ವಾಂತಿ ಮಾಡ್ಕೊಂಡು ದಾಟುವ ಕೊಡಗಿನಿಂದ. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಅವರ ಆಫೀಸಿಗೆ ಬೆಂಕಿ ಬಿದ್ದು ಮೈಸೂರು ಹತ್ತಿರದ ಹಳ್ಳಿಯೊಂದರ ನೋಟ್ಸು ಸುಟ್ಟು ಹೋದವು, ಆಮೇಲೆ ಅವರು ನೆನಪಿನಿಂದ ಬರೆದ್ರು. ನಮ್ಮ ಮೇಡಂ ಇದನ್ನ ಹೇಳುವಾಗ ಸ್ವಲ್ಪ ಹೊತ್ತು ಸುಮ್ಮನಾಗ್ತಿದ್ರು. ನೋಟ್ಸ್ ಸುಟ್ಟ ಮೇಲೂ ಊರು ಉಳೀತದೆ ಅನ್ನುದು ನನಗೆ ಆಗ ಸಮಾಧಾನ ಅನ್ಸಿತ್ತು, ಈಗ ಹಾಗನ್ಸುದಿಲ್ಲ, ನೆನಪಿನಲ್ಲಿ ಉಳಿಯುವ ಊರು ಬೇರೆಯೇ.

ಎರಡನೇ ವರ್ಷ ಬಂಧುತ್ವದ ಪಾಠ. ಗಂಡಸಿಗೆ ತ್ರಿಕೋನ, ಹೆಂಗಸಿಗೆ ವೃತ್ತ, ಮದುವೆಗೆ ಸಮಚಿಹ್ನೆ. ಪಿತೃವಂಶೀಯ ಅಂತ ಏಳೆಂಟು ಪುಟ, ಆಮೇಲೆ ‘ಮಾತೃವಂಶೀಯ ಪದ್ಧತಿಯೂ ಕೆಲವೆಡೆ ಕಂಡುಬರುತ್ತದೆ’ ಅಂತ ಶುರು ಮಾಡಿ ಖಾಸಿ, ಗಾರೋ, ನಾಯರ್, ಕೊನೆಗೆ ಒಂದೂವರೆ ಸಾಲು ತುಳುನಾಡಿನ ಅಳಿಯಸಂತಾನ. ಕೆಲವೆಡೆ! ನಾನು ಎದ್ದು ನಿಂತು ಮೇಡಂ ಅದು ನಮ್ಮ ಮನೆ ಅಂದೆ. ಬರಿ ಅಂದ್ರೆ ಎಂತ, ಗೋತ್ರದ ಹಾಗೆ, ಅದು ಅಮ್ಮನಿಂದ ಬರುದು, ಒಂದೇ ಬರಿಯವರು ಮದುವೆ ಆಗ್ಲಿಕ್ಕಿಲ್ಲ, ಕುಟುಂಬದ ದೈವ ಅಮ್ಮನ ಕಡೆಯದ್ದು, ಅಮ್ಮನ ಅಣ್ಣತಮ್ಮ ಅಂದ್ರೆ ತಮ್ಮಲೆ, ಅವನ ಮಾತಿಗೆ ಅಪ್ಪನ ಮಾತಿಗಿಂತ ತೂಕ ಜಾಸ್ತಿ ಇದ್ದ ಕಾಲ ಇತ್ತು, ಆಸ್ತಿ ಮಗನಿಗಲ್ಲ ಅಕ್ಕತಂಗಿಯ ಮಕ್ಕಳಿಗೆ. ಈ ಪದ್ಧತಿ ಶುರು ಮಾಡಿದ ರಾಜ ಅಂತ ಹೇಳುವ ಭೂತಾಳಪಾಂಡ್ಯನ ಕತೆಯನ್ನೂ ಹೇಳಿದೆ. ಎಪ್ಪತ್ತು ಜನ ಬಾಯಿ ಬಿಟ್ಟು ಕೇಳಿದ್ರು. ಆ ದಿನ ಕ್ಲಾಸಿನಲ್ಲಿ ನಾನು ಹೀರೋಯಿನ್. ಮೇಡಂ ಸೆಮಿನಾರ್ ಕೊಟ್ರು, ರಜೆಯಲ್ಲಿ ಮನೆಗೆ ಹೋಗಿ ಹಿರಿಯರನ್ನ ಮಾತಾಡಿಸಿ ಬಾ ಅಂದ್ರು.

2015ರ ಮೇ. ಅಜ್ಜಿಗೆ ಎಂಬತ್ತು ದಾಟಿತ್ತು. ಮಧ್ಯಾಹ್ನ ಊಟ ಆಗಿ ಚಾವಡಿಯಲ್ಲಿ ಕೂತು ಅಡಿಕೆ ಸುಲೀತಾ ಇದ್ರು, ನಾನು ಎದುರು ಹೊಸ ನೋಟ್‌ಬುಕ್ ಹಿಡ್ಕೊಂಡು ಕೂತೆ. ಬರಿ, ದೈವ, ಯಜಮಾನ್ತಿ, ಎಲ್ಲ ಕೇಳಿದೆ, ಅವರೂ ಖುಷಿಯಲ್ಲಿ ಹೇಳಿದ್ರು, ಇಷ್ಟು ವರ್ಷ ಯಾರೂ ಕೇಳದ್ದನ್ನ ಮೊಮ್ಮಗಳು ಬರ್ಕೊಳ್ತಾಳೆ ಅಂತ. ಹಾಗೆ ಹೇಳ್ತಾ ಅವರ ಅಣ್ಣನ ವಿಷಯಕ್ಕೆ ಬಂದ್ರು.

ಅಜ್ಜಿಯ ಅಣ್ಣ ಕುಟುಂಬದ ಯಜಮಾನ. ಗೇಣಿಗೆ ಮಾಡ್ತಿದ್ದ ಜಾಗ 1970ರ ಭೂಸುಧಾರಣೆಯ ನಂತರ ನಮ್ಮದಾಯ್ತಲ್ಲ, ಅದಕ್ಕೆ ಓಡಾಡಿದ್ದೆಲ್ಲ ಅವರೇ. 1974ರ ಮಳೆಗಾಲದಲ್ಲಿ ಜ್ವರ ಬಂದು ಹೋದ್ರು. ಹೆಂಡತಿ, ಎರಡು ಸಣ್ಣ ಮಕ್ಕಳು ನಮ್ಮ ಮನೆಯಲ್ಲೇ ಇದ್ರು. ಬೊಜ್ಜ, ಅಂದ್ರೆ ಉತ್ತರಕ್ರಿಯೆ, ಕಳೆದು ಒಂದು ತಿಂಗಳಾಗುವಾಗ ಅವರನ್ನ ಪೈವಳಿಕೆ ಕಡೆಯ ತವರಿಗೆ ಕಳಿಸಿದ್ರು. ಒಂದು ಮುಡಿ ಅಕ್ಕಿ, ಒಂದು ದನ, ಮತ್ತೆ ಅವರ ಬಟ್ಟೆ. ಜಾಗದಲ್ಲಿ ಎಂತದೂ ಇಲ್ಲ. ಕಟ್ಟಿನ ಪ್ರಕಾರ, ಅಂದ್ರೆ ಹಳೇ ಸಂಪ್ರದಾಯದ ಪ್ರಕಾರ, ಅದು ಸರಿಯೇ, ಹೆಂಡತಿ ಮಕ್ಕಳು ಅವಳ ತಾಯಿಮನೆಯ ಕುಟುಂಬಕ್ಕೆ ಸೇರಿದವರು, ಅವರಿಗೆ ಅಲ್ಲಿ ಹಕ್ಕು ಉಂಟು. ಆದ್ರೆ ಅಲ್ಲಿ ಆಗ್ಲೇ ಪಾಲಾಗಿತ್ತು, ಅವರು ಗಂಡನ ಮನೆಯಲ್ಲಿದ್ದಾರೆ ಅಂತ ಅಲ್ಲಿಯೂ ಹೆಸರು ಹಾಕಿರ್ಲಿಲ್ಲ. ಅಜ್ಜಿಗೆ ಅದು ಗೊತ್ತಾದದ್ದು ಎಷ್ಟೋ ಸಮಯ ಕಳೆದ ಮೇಲೆ, ಅತ್ತಿಗೆ ಬೀಡಿ ಕಟ್ಟಿ ಮಕ್ಕಳನ್ನ ಸಾಕುದು ಅಂತ ಯಾರೋ ಜಾತ್ರೆಯಲ್ಲಿ ಹೇಳಿದಾಗ.

ಕೈಯಲ್ಲಿದ್ದ ಅಡಿಕೆ ಅಲ್ಲೇ ಇಟ್ಟು ಅಜ್ಜಿ ನನ್ನನ್ನ ನೋಡಿ ಕೇಳಿದ್ರು, ‘ಮಗಾ, ನೀನು ಓದಿದವಳಲ್ವಾ. ತಪ್ಪಾಂಡಾ?’ ತಪ್ಪಾಯ್ತಾ ಅಂತ.

ನಾನು ಹೇಳ್ಲಿಕ್ಕೆ ಶುರು ಮಾಡಿದೆ ನೋಡಿ. ಅಜ್ಜೀ ಅದು ತಪ್ಪು ಸರಿ ಅನ್ನುವ ವಿಷಯ ಅಲ್ಲ, ಅದೊಂದು ವ್ಯವಸ್ಥೆ, ಎಲ್ಲ ಮನೆಗಳೂ ತಮ್ಮ ಹೆಣ್ಣುಮಕ್ಕಳನ್ನ ನೋಡ್ಕೊಂಡ್ರೆ ಯಾರೂ ಬೀದಿಗೆ ಬರುದಿಲ್ಲ ಅನ್ನುವ ಲೆಕ್ಕ, ಬ್ರಿಟಿಷರ ಕೋರ್ಟು ಬಂದು ಬಾಯಿಮಾತಿನ ಕಟ್ಟನ್ನ ಗಟ್ಟಿ ಕಾನೂನು ಮಾಡಿತು, ಆಮೇಲೆ ದುಡ್ಡಿನ ಬೆಳೆ ಬಂತು, ಜಾಗಕ್ಕೆ ರೇಟ್ ಬಂತು, ಕುಟುಂಬಗಳು ಒಡೆದವು, ಹಳೆ ಲೆಕ್ಕದ ಒಂದು ಕಾಲು ಮುರಿದಾಗ ಇನ್ನೊಂದು ಕಾಲು ಹಾಗೇ ನಿಂತಿತ್ತು, ಮತ್ತೆ ನಿಮಗೆ ಆಗ ಬೇರೆ ಥರ ಯೋಚನೆ ಮಾಡುವ ಅವಕಾಶವೇ ಇರ್ಲಿಲ್ಲ, ನೀವು ಆ ಸ್ಥಾನದಲ್ಲಿ ಇದ್ದದ್ದಕ್ಕೆ ನಿಮಗೆ ಅದು ಸಹಜ ಅಂತ ಕಂಡದ್ದು. ಇಪ್ಪತ್ತು ನಿಮಿಷ. ತುಳುವಿನಲ್ಲಿ ಶಬ್ದ ಸಿಗದಲ್ಲಿ ಕನ್ನಡ, ಕನ್ನಡ ಸಿಗದಲ್ಲಿ ಇಂಗ್ಲಿಷ್. ನನ್ನ ಜೀವನದಲ್ಲಿ ಅಷ್ಟು ಚೆನ್ನಾಗಿ ನಾನು ಮತ್ತೆ ಮಾತಾಡಿಲ್ಲ. ಅಜ್ಜಿ ಪೂರ್ತಿ ಕೇಳಿ, ಹ್ಞೂಂ ಅಂತ ಹೇಳಿ, ಅಡಿಕೆ ತಗೊಂಡ್ರು.

ರಾತ್ರಿ ಅಡಿಗೆಮನೆಯಲ್ಲಿ ಅಮ್ಮನ ಹತ್ರ ಹೇಳುದು ನನಗೆ ಕೇಳಿತು. ‘ನಾನು ಮಾಡಿದ್ದು ಸರಿಯಾ ತಪ್ಪಾ ಹೇಳು ಅಂದೆ. ಅವಳು ನಾನು ಯಾಕೆ ಹಾಗೆ ಮಾಡಿದೆ ಅಂತ ಹೇಳಿದಳು. ಅದು ನನಗೆ ಗೊತ್ತುಂಟಲ್ಲ.’

ಸೆಮಿನಾರಿಗೆ ಫುಲ್ ಮಾರ್ಕ್ಸ್ ಬಂತು.

ನಾನು ಅಜ್ಜಿಗೆ ಮಾಡಿದ್ದು ಎಂತ ಅಂತ ಹೆಸರಿಡ್ಲಿಕ್ಕೆ ನನಗೆ ಇನ್ನೊಂದು ವರ್ಷ ಬೇಕಾಯ್ತು, ಅದೂ ಫಿಲಾಸಫಿ ರೂಮಿನಲ್ಲಿ. ಹೇಳಿದ ಮಾತನ್ನ ಬಿಟ್ಟು ಆ ಮಾತು ಎಲ್ಲಿಂದ ಬಂತು ಅಂತ ತೋರಿಸಿದ್ರೆ ಮಾತಿಗೆ ಉತ್ತರ ಕೊಟ್ಟ ಹಾಗೆ ಆಗುದಿಲ್ಲ ಅಂತ ಸರ್ ತರ್ಕದೋಷಗಳ ಪಾಠದಲ್ಲಿ ಹೇಳ್ತಾ ಇದ್ರು. ನನ್ನ ಕಿವಿ ಬಿಸಿಯಾಯ್ತು. ಸೋಷಿಯಾಲಜಿ ಹಾಗೆ ಮಾಡು ಅಂತ ಕಲಿಸಿರ್ಲಿಲ್ಲ, ನ್ಯಾಯವಾಗಿ ಹೇಳ್ಬೇಕು. ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೆಬರ್ 1917ರಲ್ಲಿ ಮ್ಯೂನಿಕ್ಕಿನ ವಿದ್ಯಾರ್ಥಿಗಳ ಎದುರು ನಿಂತು ಸ್ಪಷ್ಟವಾಗಿಯೇ ಹೇಳಿದ್ದ, ನಾವು ಎಂತ ಮಾಡ್ಬೇಕು, ಹೇಗೆ ಬದುಕ್ಬೇಕು ಅನ್ನುವ ಪ್ರಶ್ನೆಗೆ ವಿಜ್ಞಾನ ಉತ್ತರ ಕೊಡುದಿಲ್ಲ, ಮೇಷ್ಟ್ರ ಕುರ್ಚಿಯಲ್ಲಿ ಕೂತು ಪ್ರವಾದಿ ಆಗ್ಬೇಡಿ ಅಂತ. ವೆಬರ್ ಹೇಳಿದ್ದು ಕ್ಲಾಸ್‌ರೂಮಿನ ವಿಷಯ. ನಾನು ಅದನ್ನ ಚಾವಡಿಗೆ ತಗೊಂಡು ಹೋದೆ. ಅಜ್ಜಿ ಸ್ಟೂಡೆಂಟ್ ಅಲ್ಲ, ನಾನು ಮೇಡಂ ಅಲ್ಲ, ಅಲ್ಲಿ ನಾನು ಮೊಮ್ಮಗಳು, ಆ ಜಾಗದ ಅಡಿಕೆಯ ದುಡ್ಡಿನಲ್ಲೇ ಹಾಸ್ಟೆಲ್ ಫೀಸು ಕಟ್ಟಿದವಳು. ನನಗೆ ಉತ್ತರ ಗೊತ್ತಿರ್ಲಿಲ್ಲ ಅಂತಲ್ಲ. ತಪ್ಪು ಅಂತ ಹೇಳಿದ್ರೆ ಅಜ್ಜಿಗೆ ನೋವಾಗ್ತದೆ ಅಂತ ಹೆದರಿಕೆಯಾ, ಅಥವಾ ತಪ್ಪು ಅಂದ್ರೆ ಮುಂದೆ ಎಂತ ಅನ್ನುವ ಪ್ರಶ್ನೆ ನನ್ನ ಕಾಲಬುಡಕ್ಕೆ ಬರ್ತದೆ ಅಂತಲಾ. ಎರಡನೆಯದ್ದೇ ಜಾಸ್ತಿ ಇರ್ಬೇಕು.

ಇನ್ನೂ ಒಂದು ವಿಷಯ ನನಗೆ ಆಗ ಗೊತ್ತಿರ್ಲಿಲ್ಲ, ಲಾ ಓದಿದ ಒಬ್ಬಳು ಫ್ರೆಂಡ್ ಮತ್ತೆ ಹೇಳಿದ್ದು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 7ನೇ ಸೆಕ್ಷನ್ನಿನಲ್ಲಿ ಅಳಿಯಸಂತಾನದ ಹೆಸರು ಹೇಳಿಯೇ ಬರ್ದಿದ್ದಾರೆ. ಆ ಕಾಯ್ದೆ ಬಂದ ಮೇಲೆ ಯಾರಾದ್ರೂ ಸತ್ತರೆ ಕುಟುಂಬದ ಆಸ್ತಿಯಲ್ಲಿ ಅವರ ಪಾಲು ಹಳೆ ಕಟ್ಟಿನ ಪ್ರಕಾರ ಅಲ್ಲ, ಕಾಯ್ದೆಯ ಪ್ರಕಾರ ಹೋಗ್ಬೇಕು, ಅಂದ್ರೆ ಹೆಂಡತಿಗೂ ಮಕ್ಕಳಿಗೂ. ಆಮೇಲೆ ಕೇರಳದಲ್ಲಿ ಕೂಡುಕುಟುಂಬದ ಪದ್ಧತಿಯನ್ನೇ ತೆಗೆದು ಹಾಕುವ 1975ರ ಕಾಯ್ದೆ ಬಂತು, ಜಾರಿಯಾದದ್ದು 1976ರ ಡಿಸೆಂಬರ್ 1ಕ್ಕೆ. ಅಂದ್ರೆ 1974ರಲ್ಲಿ ಕಟ್ಟಿನ ಪ್ರಕಾರ ಸರಿ ಅಂತ ನಮ್ಮವರು ಹೇಳಿದ್ರಲ್ಲ, ಕಾನೂನು 18 ವರ್ಷ ಮೊದಲೇ ಬೇರೆ ಹೇಳಿ ಆಗಿತ್ತು. ಚಾವಡಿಯಲ್ಲಿ ಕೂತವರಲ್ಲಿ ಯಾರಿಗೂ ಗೊತ್ತಿರ್ಲಿಲ್ವಾ? ಅಥವಾ ಒಬ್ಬನಿಗೆ ಗೊತ್ತಿದ್ದು ಸುಮ್ಮನೆ ಕೂತನಾ? ಇಲ್ಲಿ ಮಾತ್ರ ಸೋಷಿಯಾಲಜಿಯ ಪ್ರಶ್ನೆಯೇ ಬೇಕು, ಯಾರಿದ್ರು, ಯಾರಿಗೆ ಲಾಭ. ಫಿಲಾಸಫಿ ಒಂದೇ ಓದಿದ್ದಿದ್ರೆ ನಾನು ಅಜ್ಜಿ ತಪ್ಪು ಮಾಡಿದ್ರು ಅಂತ ಎರಡು ಶಬ್ದದಲ್ಲಿ ಮುಗಿಸಿ ಎದ್ದು ಹೋಗ್ತಿದ್ದೆ, ಆ ಮನೆಯಲ್ಲಿ ಆ ಹೊತ್ತಿಗೆ 40 ವರ್ಷದ ಹೆಂಗಸಿನ ಮಾತಿಗೆ ಎಷ್ಟು ಬೆಲೆ ಇತ್ತು ಅಂತ ನೋಡದೆ. ಅಳಿಯಸಂತಾನ ಅಂದ ಕೂಡ್ಲೆ ಹೆಂಗಸರ ರಾಜ್ಯ ಅಂತ ಹೊರಗಿನವರು ತಿಳ್ಕೊಳ್ತಾರೆ. ಹೆಸರು ಯಜಮಾನ್ತಿ, ದಸ್ತಾವೇಜಿಗೆ ಕೈ ಹಾಕುದು ಗಂಡಸರು.

ಮಾತಿಗೆ ಉತ್ತರ ಕೊಡದೆ ಮಾತಾಡಿದವರನ್ನ ವಿವರಿಸುದು ಹೇಗಿರ್ತದೆ ಅಂತ ಕಾಸರಗೋಡಿನ ಕನ್ನಡದವರಿಗೆ ಬೇರೆ ಯಾರೂ ಹೇಳಿ ಕೊಡ್ಬೇಕಾಗಿಲ್ಲ. ಆಫೀಸಿನಲ್ಲಿ ಫಾರಂ ಕನ್ನಡದಲ್ಲಿ ಇಲ್ವಾ ಅಂತ ಕೇಳಿದ್ರೆ ‘ಓ ನೀವು ಆ ಕಡೆಯವರಾ’ ಅಂತ ಒಂದು ನೋಟ. ಮೈಸೂರಿಗೆ ಹೋಗಿ ಗಡಿಯ ಬಗ್ಗೆ ಮಹಾಜನ ವರದಿ 1967ರಲ್ಲಿ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರ್ಬೇಕು ಅಂತ ಹೇಳಿದೆ ಅಂದ್ರೆ ‘ನೀನು ಅಲ್ಲಿಯವಳಲ್ವಾ, ಅದಕ್ಕೇ ಬೇಜಾರು’ ಅಂತ ಪ್ರೀತಿಯಿಂದ ಬೆನ್ನು ತಟ್ಟುದು. ಹೌದು, ಅಲ್ಲಿಯವಳೇ. ಆದ್ರೆ ನಾನು ಹೇಳಿದ್ದು ಹೌದಾ ಅಲ್ವಾ? ಅದನ್ನ ಹೇಳಿ ಮೊದ್ಲು. ಸರಿ ಅಲ್ಲ ಅಂತ ಹೇಳಿದ್ರೂ ನನಗೆ ಮರ್ಯಾದೆ ಕೊಟ್ಟ ಹಾಗೆ ಆಗ್ತಿತ್ತು, ವಾದ ಮಾಡಬಹುದಿತ್ತು. ಬೆನ್ನು ತಟ್ಟಿದವರ ಹತ್ರ ಎಂತ ವಾದ ಮಾಡುದು. ಇದು ಅಷ್ಟು ಚೆನ್ನಾಗಿ ಗೊತ್ತಿದ್ದೂ ನಾನು ಅಜ್ಜಿಯ ಬೆನ್ನು ತಟ್ಟಿದ್ದು.

ಭೂತಕೋಲದ ಹಾಗಿರುವ ಪೊಟ್ಟನ್ ತೆಯ್ಯಂ ನಾನು ಮೊದಲ ಸಲ ನೋಡಿದ್ದು ಡಿಗ್ರಿ ಮುಗಿದ ಮೇಲೆ, ಚಂದ್ರಗಿರಿ ದಾಟಿ ನೀಲೇಶ್ವರದ ಕಡೆ, ಒಬ್ಬಳು ಫ್ರೆಂಡಿನ ಊರಲ್ಲಿ. ನಮ್ಮ ಕಡೆ ಕೋಲ ನೋಡಿ ಬೆಳೆದವಳಿಗೆ ತೆಯ್ಯಂ ಹೊಸದಲ್ಲ, ಆದ್ರೆ ಇದು ಬೇರೆ. ಬೆಳಗಿನ ಜಾವ, ಮರದ ದಿಮ್ಮಿ ಉರಿದು ಉರಿದು ಕೆಂಡದ ಗುಡ್ಡೆ ಆಗಿರ್ತದೆ, ಎಳೆ ತೆಂಗಿನ ಗರಿ ಕಟ್ಟಿಕೊಂಡ ತೆಯ್ಯಂ ಅದರ ಮೇಲೆ ಹೋಗಿ ಮಲಗ್ತದೆ, ಚಳಿ ಚಳಿ ಅಂತ ತಮಾಷೆ ಬೇರೆ. ಕತೆ ಎಲ್ಲರಿಗೂ ಗೊತ್ತಿದ್ದದ್ದೇ. ಶಂಕರಾಚಾರ್ಯರು ಬರುವ ದಾರಿಯಲ್ಲಿ ಎದುರಿನಿಂದ ಒಬ್ಬ ಪುಲಯ, ಮುಟ್ಟಬಾರದು ಅಂತ ದೂರ ಇಟ್ಟ ಜಾತಿಯವ, ಬರ್ತಾನೆ. ದಾರಿ ಬಿಡು ಅಂತಾರೆ. ಯಾವುದು ಬಿಡ್ಬೇಕು, ದೇಹವಾ ಆತ್ಮವಾ ಅಂತ ಅವನು ಕೇಳ್ತಾನೆ. ನಿಮ್ಮನ್ನ ಕುಯ್ದರೂ ಬರುದು ರಕ್ತ, ನಮ್ಮನ್ನ ಕುಯ್ದರೂ ರಕ್ತ, ಹಾಗಿರುವಾಗ ಎಂತಕ್ಕೆ ಜಗಳ ಅಂತ ತೆಯ್ಯಂನ ಹಾಡು ತೋಟ್ಟಂ ಪಾಟಿನಲ್ಲಿ ಬರ್ತದೆ.

ನಮ್ಮ ಫಿಲಾಸಫಿ ಸರ್ ಇದನ್ನೇ ಶಂಕರಾಚಾರ್ಯರ ಐದು ಶ್ಲೋಕಗಳ ಮನೀಷಾಪಂಚಕದ ಕತೆಯಾಗಿ ಪಾಠ ಮಾಡಿದ್ರು, ಅಲ್ಲಿ ಅದು ಕಾಶಿಯಲ್ಲಿ, ಅವನು ಚಂಡಾಲ. ಅದ್ವೈತ ಪೂರ್ತಿ ಆ ಒಂದು ಪ್ರಶ್ನೆಯಲ್ಲಿ ಉಂಟು ಅಂತ ಅವರ ಮಾತು. ಸೋಷಿಯಾಲಜಿಯಲ್ಲಾದ್ರೆ ಒಂದು ರಾತ್ರಿಯ ತಲೆಕೆಳಗು ಅಂತ ಹೇಳ್ತಾರೆ, ರಾತ್ರಿ ಕೈ ಮುಗಿದವರು ಬೆಳಿಗ್ಗೆ ಅದೇ ಮನುಷ್ಯನನ್ನ ಅಂಗಳದಲ್ಲೇ ನಿಲ್ಲಿಸ್ತಾರೆ, ಹಾಗಾಗಿ ವ್ಯವಸ್ಥೆ ಅಲ್ಲಾಡುದಿಲ್ಲ ಅಂತ. ಕೆಂಡದ ಬಿಸಿಗೆ ಮುಖ ಉರೀತಾ ಇದ್ದಾಗ ನನಗೆ ಕಂಡದ್ದು ಬೇರೆಯೇ: ಕತೆಯಲ್ಲಿ ಶಂಕರಾಚಾರ್ಯರು, ನೀನು ಪುಲಯ ಅಲ್ವಾ, ದಾರಿ ಬಿಟ್ಟು ಬಿಟ್ಟು ಬೇಜಾರಾಗಿ ಹೀಗೆ ಕೇಳ್ತಿ, ನಿನ್ನ ಪರಿಸ್ಥಿತಿ ನನಗೆ ಅರ್ಥ ಆಗ್ತದೆ ಅಂತ ಹೇಳುದಿಲ್ಲ. ಪ್ರಶ್ನೆಯನ್ನ ಪ್ರಶ್ನೆ ಅಂತ ತಗೊಂಡು, ಸೋತೆ ಅಂತ ಒಪ್ತಾರೆ. ನಾನು ಇದನ್ನ ವಾಪಸ್ ಬರುವಾಗ ಫ್ರೆಂಡಿಗೆ ಹೇಳಿದೆ, ನನಗೇ ನನ್ನ ಮಾತು ತುಂಬ ಇಷ್ಟ ಆಗಿ. ಅವಳು ಸ್ಕೂಟರ್ ಓಡಿಸ್ತಾ ಇದ್ದವಳು ಸ್ವಲ್ಪ ದೂರ ಹೋಗಿ ಹೇಳಿದಳು, ‘ಕತೆಯ ಕೊನೆಗೆ ಅವನು ಶಿವ ಅಂತ ಮಾಡಿದ್ದು ಯಾಕೆ ಮತ್ತೆ? ಬರೇ ಪುಲಯ ಕೇಳಿದ್ರೆ ಸಾಲ್ತಿರ್ಲಿಲ್ವಾ?’

ಅದಕ್ಕೆ ನನ್ನ ಹತ್ರ ಉತ್ತರ ಇರ್ಲಿಲ್ಲ, ಈಗಲೂ ಇಲ್ಲ. ಅವಳು ಓದಿದ್ದು ಬಿಕಾಂ.

ಅಜ್ಜಿ 2019ರಲ್ಲಿ ಹೋದ್ರು. ಆ ಪ್ರಶ್ನೆ ಮತ್ತೆ ಕೇಳ್ಲಿಲ್ಲ, ನಾನೂ ಎತ್ತಲಿಲ್ಲ. ಎಷ್ಟೋ ಸಲ ಅಂದ್ಕೊಂಡಿದ್ದೆ, ಈ ಸಲ ಹೋದಾಗ ಹೇಳ್ಬೇಕು ಅಂತ. ಪ್ರತಿ ಸಲವೂ ಯಾರಾದ್ರೂ ಇರ್ತಿದ್ರು, ಅಥವಾ ಅವರಿಗೆ ನಿದ್ದೆ ಬಂದಿರ್ತಿತ್ತು.

ಕಳೆದ ವರ್ಷ ಪೈವಳಿಕೆ ಹತ್ರ ಒಂದು ಮದುವೆಗೆ ಹೋದಾಗ ಅಮ್ಮ ದೂರದಿಂದ ತೋರಿಸಿದ್ರು, ಅದು ಅವರ ಮಾವನ ಮಗಳು ಅಂತ. 1974ರಲ್ಲಿ ನಮ್ಮ ಅಂಗಳ ಇಳಿದ ಎರಡು ಮಕ್ಕಳಲ್ಲಿ ಸಣ್ಣವರು. ಅವರನ್ನ ಎಂತ ಕರೀಬೇಕು ಅಂತ ನನಗೆ ಗೊತ್ತಿರ್ಲಿಲ್ಲ, ಕಾಗದದ ಕರವಸ್ತ್ರದ ಮೇಲೆ ತ್ರಿಕೋನ ವೃತ್ತ ಹಾಕಿ ನೋಡಿದೆ ಅಂದ್ರೆ ನೀವು ನಗ್ತೀರಿ, ಆದ್ರೆ ನಿಜ. ಅಮ್ಮನ ತಮ್ಮಲೆಯ ಮಗಳು, ಹಾಗಾದ್ರೆ ನನಗೆ ಅತ್ತೆ. ಹೋಗಿ ಅತ್ತೇ ಅಂತ ಕರೆದೆ. ಯಾರ ಮಗಳು ಅಂತ ಕೇಳಿದ್ರು, ಹೇಳಿದೆ. ಊಟಕ್ಕೆ ಜೊತೆಯಲ್ಲಿ ಕೂರಿಸಿಕೊಂಡ್ರು. ಪಾಯಸ ಬರುವ ತನಕ ನಾನು ಎಂತದೂ ಹೇಳ್ಲಿಲ್ಲ, ಆಮೇಲೆ ಕೈ ತೊಳೀಲಿಕ್ಕೆ ಹೋದಲ್ಲಿ ನಳ್ಳಿಯ ಹತ್ರ ನಿಂತು ಹೇಳಿದೆ. ಅಜ್ಜಿ ಒಮ್ಮೆ ನನ್ನ ಹತ್ರ ಕೇಳಿದ್ರು, ನಿಮ್ಮನ್ನ ಕಳಿಸಿದ್ದು ತಪ್ಪಾಂಡಾ ಅಂತ. ನಾನು ಆಗ ಹೇಳ್ಲಿಲ್ಲ. ತಪ್ಪೇ ಅತ್ತೆ.

ಅವರು ನಳ್ಳಿ ನಿಲ್ಲಿಸಿದ್ರು.

‘ಮಾಮಿ ಕೇಳಿದ್ರಾ?’

ಹೌದು ಅಂದೆ.

‘ಯಾವಾಗ ಕೇಳಿದ್ದು? ಹುಷಾರಿದ್ರಾ ಆಗ? ಯಾರಿದ್ರು ಹತ್ತಿರ? ಹೇಗೆ ಕೇಳಿದ್ರು, ಸುಮ್ಮನೆ ಮಾತಿಗಾ, ಅಲ್ಲ...’

ಅಡಿಕೆ ಸುಲೀತಾ ಇದ್ದದ್ದು, ಮಧ್ಯಾಹ್ನ, ಯಾರೂ ಇರ್ಲಿಲ್ಲ, ಕೈಯ ಅಡಿಕೆ ಕೆಳಗೆ ಇಟ್ಟು ಕೇಳಿದ್ದು ಅಂತ ಎಲ್ಲ ಹೇಳಿದೆ. ಅವರು ಇನ್ನೂ ಕೇಳಿದ್ರು, ಅಜ್ಜಿ ಅವರ ಅಮ್ಮನನ್ನ ಹೆಸರು ಹೇಳಿ ಕರೆದ್ರಾ ಅತ್ತಿಗೆ ಅಂತ ಕರೆದ್ರಾ ಅಂತ. ಅತ್ತಿಗೆ ಅಂತ ಅಂದೆ. ಅಷ್ಟರಲ್ಲಿ ಹಿಂದೆ ಕೈ ತೊಳೀಲಿಕ್ಕೆ ಜನ ಬಂದ್ರು. ಹೊರಡುವಾಗ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಒಣಗಿದ ಪುನರ್ಪುಳಿ ಸಿಪ್ಪೆ ತಂದು ಅಮ್ಮನ ಕೈಗೆ ಕೊಟ್ರು, ಮದುವೆಮನೆಗೆ ಅದನ್ನ ಯಾಕೆ ತಂದಿದ್ರೋ, ಬೇರೆ ಯಾರಿಗೋ ಅಂತ ತಂದದ್ದಿರ್ಬೇಕು.

ಜಾಗದ ಮಾತು ಅವರು ಎತ್ತಲಿಲ್ಲ. ಮನೆಗೆ ಬಂದು ನಾನು ಅಮ್ಮನ ಹತ್ರ ಎತ್ತಿದೆ, ಅವರ ಪಾಲು ಅಂತ ಲೆಕ್ಕ ಹಾಕಿದ್ರೆ ರಸ್ತೆ ಬದಿಯ 18 ಸೆಂಟ್ಸ್ ಆದ್ರೂ ಬರ್ತದೆ ಅಂತ. ಅಮ್ಮ, ಅದರಲ್ಲಿ ನನ್ನ ಮಾವ ಮನೆಗೆ ಫೌಂಡೇಶನ್ ಹಾಕಿ ಆಗಿದೆ ಅಂದ್ರು. ಮಾವನ ಹತ್ರ ನಾನು ಇನ್ನೂ ಮಾತಾಡ್ಲಿಲ್ಲ.